ದೊಡ್ಡಿಯೊಳಗೊಂದು ತಬ್ಬಲಿ ಕರು: ಕನ್ನಡದ ಪ್ರಾಣಿಕಥೆಗಳಲ್ಲಿ ಹೊರಗಿನವರು

ನಾವು ನೆಲೆಸಿರುವ ಸಾಂಕೋಲೆಯ ಇತಿಹಾಸದಲ್ಲಿ ವಲಸೆಯ ಕಥೆ ಹೊಸದಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಆಳ್ವಿಕೆಯಿಂದ ದೇಗುಲಗಳಿಗೆ ಆಪತ್ತು ಒದಗಿದಾಗ, ಇಲ್ಲಿಯ ಲಕ್ಷ್ಮೀನರಸಿಂಹ ದೇವರನ್ನು ಭಕ್ತರು ಜುವಾರಿ ನದಿಯಾಚೆಯ ಫೋಂಡಾ ಸೀಮೆಯ ವೆಲಿಂಗಕ್ಕೆ ಕೊಂಡೊಯ್ದರು. ಅರ್ಧ ಮೃಗ, ಅರ್ಧ ಮಾನವ ರೂಪದ ಆ ದೈವ ಆಶ್ರಯವಿತ್ತ ಊರಿನ ದೈವವೇ ಆಯಿತು. ಗೋವೆಯ ಅನೇಕ ಸಾರಸ್ವತ ಕುಟುಂಬಗಳೂ ದಕ್ಷಿಣಕ್ಕೆ ಸಾಗಿ ಕನ್ನಡ ಕರಾವಳಿಯಲ್ಲಿ ಬೇರೂರಿದವು. ಹೊರಗಿನಿಂದ ಬಂದವರನ್ನು ಒಳಗೆ ಕರೆದುಕೊಳ್ಳುವ ಈ ಪ್ರಶ್ನೆಯನ್ನು ಮಕ್ಕಳ ಪ್ರಾಣಿಕಥೆಗಳಲ್ಲಿ ನಮ್ಮ ಹಿರಿಯರು ಹೇಗೆ ಕಂಡರೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಕನ್ನಡದಲ್ಲಿ ಪ್ರಾಣಿಕಥೆಗಳ ಮೊದಲ ದೊಡ್ಡ ಭಂಡಾರ ದುರ್ಗಸಿಂಹನ ‘ಪಂಚತಂತ್ರ’. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಆತ 1031ರ ಸುಮಾರಿಗೆ ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿ ಇದನ್ನು ರಚಿಸಿದನು. ಅದರ ಹೆಸರಾಂತ ಕಥೆಯಲ್ಲಿ ಕಾಡಿಗೆ ಬಂದ ಎತ್ತಿನ ಗುಟುರು ಕೇಳಿ ಸಿಂಹವೇ ಬೆದರುತ್ತದೆ. ಪರಿಚಯವಾದ ಮೇಲೆ ಭಯ ಕರಗಿ ಸ್ನೇಹ ಬೆಳೆಯುತ್ತದೆ. ನರಿಯ ಚಾಡಿ ಅದನ್ನು ಮುರಿಯುತ್ತದೆ. ಭಿನ್ನರಾದ ಇಬ್ಬರ ನಡುವಣ ವಿಶ್ವಾಸವನ್ನು ಕೆಡಿಸುವುದು ಅವರ ಭಿನ್ನತೆಯಲ್ಲ, ಮೂರನೆಯವನ ಮಾತು ಎಂಬ ಎಚ್ಚರಿಕೆ ಅಲ್ಲಿದೆ.

ಜನಪದರು ಈ ಪ್ರಶ್ನೆಯನ್ನು ಕರುಳಿನಿಂದ ಕಂಡರು. ‘ಗೋವಿನ ಹಾಡಿ’ನ ಪುಣ್ಯಕೋಟಿಯ ಸತ್ಯನಿಷ್ಠೆಯನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಆದರೆ ಹುಲಿಗೆ ಕೊಟ್ಟ ಮಾತಿನಂತೆ ಮರಳಿ ಹೊರಡುವ ಮುನ್ನ ಆಕೆ ತನ್ನ ಕರುವನ್ನು ಉಳಿದ ಹಸುಗಳ ಮಡಿಲಿಗೆ ಒಪ್ಪಿಸುವ ಸನ್ನಿವೇಶದತ್ತ ನಮ್ಮ ಗಮನ ಹರಿಯುವುದು ಕಡಿಮೆ. ತಬ್ಬಲಿಯೆಂದು ಅದನ್ನು ದೂಡಬೇಡಿರಿ, ನಿಮ್ಮ ಮಕ್ಕಳಂತೆ ಕಾಣಿರಿ ಎಂಬುದೇ ಆಕೆಯ ಬೇಡಿಕೆ. ಸತ್ಯವನ್ನು ಒಬ್ಬಳೇ ಪಾಲಿಸಬಹುದು. ಕರುವನ್ನು ಸಲಹಲು ಮಾತ್ರ ಇಡೀ ದೊಡ್ಡಿಯ ಸಮ್ಮತಿ ಬೇಕು.

ಆಧುನಿಕ ಶಿಶುಸಾಹಿತ್ಯದ ಪ್ರವರ್ತಕರಲ್ಲಿ ಪ್ರಮುಖರಾದ ಪಂಜೆ ಮಂಗೇಶರಾಯರು (1874–1937) ಬಂಟವಾಳದಲ್ಲಿ ಜನಿಸಿದ ಸಾರಸ್ವತರು. ಅವರ ಮನೆಮಾತು ಕೊಂಕಣಿ. ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ದುಡಿದ ಅವರು ಮಕ್ಕಳ ಕಿವಿಗೆ ಹಿತವಾದ ಕನ್ನಡವನ್ನು ರೂಪಿಸಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರ ‘ಹೇನು ಸತ್ತು ಕಾಗೆ ಬಡವಾಯಿತು’ ಕಥೆಯ ಹೆಸರನ್ನೇ ನೋಡಿರಿ: ಯಾರೂ ಲೆಕ್ಕಕ್ಕಿಡದ ಜೀವವೊಂದರ ಸಾವು ಮತ್ತೊಂದು ಜೀವವನ್ನು ತಟ್ಟುತ್ತದೆ. ‘ನಾಗರಹಾವೆ’ ಪದ್ಯದಲ್ಲಿ ಮಗು ಹಾವನ್ನು ಹಗೆಯೆಂದು ಹೊಡೆಯಲು ಹೋಗದೆ, ಅದರ ಚೆಲುವಿಗೆ ಬೆರಗಾಗಿ ಕೈಮುಗಿಯುತ್ತದೆ. ವಿಷವಿದೆಯೆಂಬ ಅರಿವೂ ಅಲ್ಲಿ ಇಲ್ಲದಿಲ್ಲ.

1843ರಲ್ಲಿ ಡೆನ್ಮಾರ್ಕಿನ ಆಂಡರ್ಸನ್ ಬರೆದ ಕುರೂಪಿ ಬಾತುಮರಿಯ ಕಥೆ ಲೋಕಪ್ರಸಿದ್ಧ. ಅಲ್ಲಿ ಮರಿಗೆ ಆದರ ದೊರೆಯುವುದು ಅದು ಹಂಸವೆಂದು ತಿಳಿದ ಬಳಿಕ, ತನ್ನ ಜಾತಿಯವರ ನಡುವೆ. ನಮ್ಮ ತಬ್ಬಲಿ ಕರು ಮತ್ತೇನೂ ಆಗಬೇಕಿಲ್ಲ. ಕರುವಾಗಿಯೇ ಅದು ದೊಡ್ಡಿಗೆ ಸಲ್ಲುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ.

ದುಡಿಮೆಯನ್ನರಸಿ ಘಟ್ಟವಿಳಿದು ಜುವಾರಿನಗರದ ಸುತ್ತ ನೆಲೆಸಿದ ಕನ್ನಡ ಮನೆಗಳಲ್ಲಿ ಇಂದು ಮಕ್ಕಳು ಬೀದಿಯಲ್ಲಿ ಕೊಂಕಣಿ, ಹಿಂದಿ ಆಡಿ ಮನೆಯಲ್ಲಿ ಕನ್ನಡಕ್ಕೆ ತಡವರಿಸುತ್ತಾರೆ. ಅವರ ಕನ್ನಡದ ತೊದಲನ್ನು ನಾವು ನಗೆಗೀಡು ಮಾಡಿದರೆ ದೊಡ್ಡಿಯಿಂದ ಕರುವನ್ನು ದೂಡಿದವರು ನಾವೇ ಆಗುತ್ತೇವೆ. ಕೊಂಕಣಿ ಮನೆಯ ಬಾಲಕನೊಬ್ಬ ಕನ್ನಡದ ಮಕ್ಕಳಿಗೆ ಕಥೆಗಾರನಾದ. ಎರಡು ನುಡಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೂ ಆ ದಾರಿ ತೆರೆದಿರಲಿ. ರಾತ್ರಿ ಮಲಗುವ ಮುನ್ನ ಪ್ರತಿ ಮನೆಯಲ್ಲೂ ಒಂದು ಕನ್ನಡ ಕಥೆ ಕೇಳಿಬರಲಿ ಎಂದು ಹಾರೈಸುತ್ತೇವೆ.