ಜ್ವರಕ್ಕೊಂದು ಹೆಸರು

ಚಳಿಜ್ವರ, ಮೆದುಳು ಜ್ವರ, ಮೈಕೈ ಮುರಿಯುವ ಜ್ವರ ಎಂದು ನಮ್ಮ ಜನ ಕೊಟ್ಟ ಹೆಸರುಗಳೆಲ್ಲ ರೋಗಿಯ ಬಾಧೆಯನ್ನು ಕಂಡು ಇಟ್ಟವು. ಪೂರ್ವ ಆಫ್ರಿಕಾದ ಮಕೊಂಡೆ ಜನರು ಮಾಡಿದ್ದೂ ಅದನ್ನೇ. ಕೀಲುನೋವಿನಿಂದ ಮೈಯನ್ನು ಬಾಗಿಸುವ ಜ್ವರವನ್ನು ಅವರ ನುಡಿ ಚಿಕೂನ್‌ಗುನ್ಯ ಎಂದು ಕರೆಯಿತು. 2006ರಲ್ಲಿ ಆ ಪದ ಕನ್ನಡ ನಾಡಿನ ಹಳ್ಳಿಹಳ್ಳಿಯ ಮಾತಾಯಿತು. ಆ ವರ್ಷ ಈ ರೋಗದ ಶಂಕಿತರೆಂದು ದೇಶದಲ್ಲಿ ಎಣಿಸಲಾದ ಸುಮಾರು 14 ಲಕ್ಷ ಜನರಲ್ಲಿ ಅರ್ಧಕ್ಕೂ ಮಿಕ್ಕವರು ಕರ್ನಾಟಕದವರು. ಪ್ರಯೋಗಾಲಯದ ಪರೀಕ್ಷೆಯಿಂದ ಖಚಿತಗೊಂಡವರಾದರೋ ಅತ್ಯಲ್ಪ.

ರೋಗದ ನಿಜವಾದ ಹೆಸರು ರೋಗಿಯ ಬಳಿಗೆ ಬಂದ ದಾರಿ ದೀರ್ಘವಾದುದು. 1970ರ ದಶಕದ ಕೊನೆಗೆ ಕೋಲಾರದ ಕಡೆ ಜಪಾನೀ ಮೆದುಳು ಜ್ವರ ಮಕ್ಕಳನ್ನು ಕಾಡಿತು. ಗದ್ದೆಯ ನೀರಿನಲ್ಲಿ ಹುಟ್ಟುವ ಸೊಳ್ಳೆಯೇ ಅದರ ವಾಹಕ. ಅಂದು ರೂಢಿಯಲ್ಲಿದ್ದ ಪರೀಕ್ಷೆಗೆ ರಕ್ತವನ್ನು ಎರಡು ಬಾರಿ, ನಡುವೆ ಎರಡು ಮೂರು ವಾರಗಳ ಅಂತರವಿಟ್ಟು ತೆಗೆಯಬೇಕಾಗಿತ್ತು. ಎರಡನೆಯದರಲ್ಲಿ ಪ್ರತಿಕಾಯಗಳು ನಾಲ್ಕು ಪಟ್ಟು ಏರಿದ್ದರೆ ರೋಗ ಖಚಿತ. ಉತ್ತರ ಬರುವ ಹೊತ್ತಿಗೆ ಮಗು ಗುಣವಾಗಿರುತ್ತಿತ್ತು, ಇಲ್ಲವೇ ಮಡಿದಿರುತ್ತಿತ್ತು. ಅಂಥ ಉತ್ತರ ದಾಖಲೆಗೆ ಒದಗಿತೇ ಹೊರತು ತಾಯಿಗೆ ಒದಗಲಿಲ್ಲ.

1971ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಎಲಿಸಾ ಎಂಬ ವಿಧಾನವನ್ನು ಪ್ರಕಟಿಸಿದರು. ಸೋಂಕಿನ ಮೊದಲ ದಿನಗಳಲ್ಲೇ ಹುಟ್ಟುವ ಐಜಿಎಂ ಪ್ರತಿಕಾಯವನ್ನು ಅದರಿಂದ ಹಿಡಿಯುವ ಕ್ರಮವನ್ನು 1980ರ ದಶಕದಲ್ಲಿ ಬ್ಯಾಂಕಾಕಿನಲ್ಲಿದ್ದ ಸಂಶೋಧಕರು ಮೆದುಳು ಜ್ವರಕ್ಕೆ ಅನ್ವಯಿಸಿದರು. ಇನ್ನು ಒಂದೇ ಮಾದರಿ ಸಾಕಾಯಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಇಂಥ ಕಿಟ್ಟುಗಳನ್ನು ತಯಾರಿಸಿ ದೇಶದ ಪ್ರಯೋಗಾಲಯಗಳಿಗೆ ಹಂಚಿತು. ತಿಲಕ್ ನಗರಕ್ಕೆ ಹತ್ತಿರದ ನಿಮ್ಹಾನ್ಸ್‌ನ ನರವೈರಾಣು ವಿಭಾಗವು ಮೆದುಳು ಜ್ವರದ ಪರೀಕ್ಷೆಯಲ್ಲಿ ಉಳಿದ ಪ್ರಯೋಗಾಲಯಗಳಿಗೆ ಹಿರಿಯಣ್ಣನಂತೆ ನಿಂತಿತು. ಆದರೆ ಎಲಿಸಾಕ್ಕೆ ಯಂತ್ರ ಬೇಕು, ಶೀತಲಪೆಟ್ಟಿಗೆ ಬೇಕು, ಪಳಗಿದ ಕೈ ಬೇಕು. 96 ಕುಳಿಗಳ ತಟ್ಟೆಯನ್ನು ಒಬ್ಬ ರೋಗಿಗಾಗಿ ಬಳಸುವುದು ದುಬಾರಿ. ಸಾಕಷ್ಟು ಮಾದರಿಗಳು ಸೇರುವವರೆಗೆ ಕಾಯಬೇಕು.

ಈ ಕಾಯುವಿಕೆಯನ್ನು ಕಳೆದುದು ಅಂಗೈಯಲ್ಲಿ ಹಿಡಿಸುವ ಒಂದು ಕಾರ್ಡು. ಕೆಲವೇ ಹನಿ ರಕ್ತ ಪಟ್ಟಿಯ ಮೇಲೆ ಹರಿಯುತ್ತದೆ. ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು ಡೆಂಗ್ಯೂ ವೈರಾಣುವಿನ ಎನ್‌ಎಸ್1 ಎಂಬ ಪ್ರೋಟೀನನ್ನು ಹಿಡಿದರೆ ಕೆಂಪು ಗೆರೆ ಮೂಡುತ್ತದೆ. ಇಪ್ಪತ್ತು ನಿಮಿಷದ ಕೆಲಸ, ಯಂತ್ರ ಬೇಡ. ವಾರಗಳ ದಾರಿ ನಿಮಿಷಗಳಿಗೆ ಇಳಿಯಿತು.

ಹಾಗೆಂದು ಕಾರ್ಡಿನ ಮಾತು ಕೊನೆಯ ಮಾತಲ್ಲ. ಎನ್‌ಎಸ್1 ಮುಖ್ಯವಾಗಿ ಜ್ವರದ ಮೊದಲ ಐದು ದಿನಗಳ ಸಾಕ್ಷಿ. ಎರಡನೆಯ ಬಾರಿ ಡೆಂಗ್ಯೂ ತಗುಲಿದವರಲ್ಲಿ ಅದು ತಪ್ಪಿಸಿಕೊಳ್ಳುವುದು ಹೆಚ್ಚು. ಡೆಂಗ್ಯೂ ಮತ್ತು ಮೆದುಳು ಜ್ವರದ ವೈರಾಣುಗಳು ದಾಯಾದಿಗಳಾದುದರಿಂದ ಒಂದರ ಪ್ರತಿಕಾಯ ಇನ್ನೊಂದರಂತೆ ತೋರುವುದೂ ಉಂಟು. ಆದಕಾರಣವೇ ರೋಗವನ್ನು ದೃಢಪಡಿಸಲು ಸರ್ಕಾರ ಎಲಿಸಾವನ್ನು ಕೇಳುತ್ತದೆ. ಗೆರೆ ಮೂಡದಿದ್ದರೆ ರೋಗವಿಲ್ಲವೆಂದು ಮನೆಯವರು ನಿಶ್ಚಿಂತರಾಗುವಂತಿಲ್ಲ.

ಬೆಲೆಯ ಪ್ರಶ್ನೆಯೂ ಇದೆ. ನೀರು ಬಂದ ದಿನ ಡ್ರಮ್ಮು ತುಂಬಿಸಿಡುವ ತಿಲಕ್ ನಗರದಂಥ ಇಕ್ಕಟ್ಟಿನ ಬಡಾವಣೆಯಲ್ಲಿ, ಮುಚ್ಚಳವಿಲ್ಲದ ಆ ತಿಳಿನೀರೇ ಡೆಂಗ್ಯೂ ಸೊಳ್ಳೆಯ ತೊಟ್ಟಿಲು. ದಿನಗೂಲಿಯ ಮನೆಗೆ ಪರೀಕ್ಷೆಯ ಹಣ ಒಂದು ಹೊರೆಯೇ. 2024ರ ಜುಲೈನಲ್ಲಿ ಕರ್ನಾಟಕ ಸರ್ಕಾರವು ಖಾಸಗಿ ಕಡೆಯ ದರಕ್ಕೆ ಮಿತಿ ಹಾಕಿತು: ಕಾರ್ಡು ಪರೀಕ್ಷೆಗೆ 250 ರೂಪಾಯಿ, ಎನ್‌ಎಸ್1 ಮತ್ತು ಐಜಿಎಂ ಎಲಿಸಾಗಳಿಗೆ ತಲಾ 300. ಅಗ್ಗವೆಂಬುದು ಇಲ್ಲಿ ಬರಿಯ ಅನುಕೂಲವಲ್ಲ, ಕಾಲದ ಪ್ರಶ್ನೆ. ಕೈಯಲ್ಲಿ ಹಣವಿಲ್ಲದವನು ‘ನಾಳೆ ನೋಡೋಣ’ ಎನ್ನುತ್ತಾನೆ.

ಡೆಂಗ್ಯೂವಿಗೆ ವೈರಾಣುವನ್ನೇ ಕೊಲ್ಲುವ ನಿರ್ದಿಷ್ಟ ಮದ್ದಿಲ್ಲ. ಹಾಗಿದ್ದ ಮೇಲೆ ಹೆಸರು ತಿಳಿದು ಫಲವೇನು ಎಂದು ಕೇಳಬಹುದು. ಈ ರೋಗದಲ್ಲಿ ಜ್ವರ ಇಳಿಯುವ ಹೊತ್ತೇ ಕೆಲವರಿಗೆ ಗಂಡಾಂತರದ ಹೊತ್ತು. ಹೆಸರರಿಯದ ತಾಯಿ ಮೈ ತಣ್ಣಗಾಯಿತೆಂದು ನಿಟ್ಟುಸಿರು ಬಿಡುತ್ತಾಳೆ. ಅರಿತವಳು ಆ ಎರಡು ದಿನ ಮಗುವಿನ ಹೊಟ್ಟೆನೋವನ್ನು, ವಾಂತಿಯನ್ನು, ಕೈಕಾಲಿನ ತಂಪನ್ನು ಗಮನಿಸುತ್ತ ಎಚ್ಚರವಾಗಿರುತ್ತಾಳೆ. ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಓಡುತ್ತಾಳೆ.