ನಾಗಾವಿಯ ಛಾಯಾಚಿತ್ರಗಳು: ಕಲ್ಲು ಮತ್ತು ಜನ

ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯನ್ನು ಇಂದಿನ ಯಾತ್ರಿಕರು ಯಲ್ಲಮ್ಮನ ಕ್ಷೇತ್ರವೆಂದೇ ಬಲ್ಲರಾದರೂ, ಒಂಬೈನೂರು ವರ್ಷಗಳಿಗೂ ಹಿಂದೆ ಅದೊಂದು ವಿದ್ಯಾನಗರವಾಗಿದ್ದಿತೆಂಬುದಕ್ಕೆ ಅಲ್ಲಿಯ ಶಿಲಾಶಾಸನಗಳೇ ಪ್ರಮಾಣ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಆಳ್ವಿಕೆಗೆ ಸೇರಿದ ಕ್ರಿ.ಶ. 1058ರ ಶಾಸನದಂತೆ, ದಂಡನಾಯಕ ಮಧುಸೂದನನು ಇಲ್ಲಿ ಘಟಿಕಾಶಾಲೆಯೆಂಬ ವಿದ್ಯಾಲಯವನ್ನು ಕಟ್ಟಿಸಿ, ವೇದಾಧ್ಯಯನನಿರತರಾದ 200 ಮಂದಿ ವಿದ್ಯಾರ್ಥಿಗಳಿಗೂ ಶಾಸ್ತ್ರಾಭ್ಯಾಸಿಗಳಿಗೂ ಅಧ್ಯಾಪಕರಿಗೂ, ಗ್ರಂಥರಕ್ಷಣೆಗೆಂದೇ ನೇಮಕಗೊಂಡ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ವೃತ್ತಿಗಳನ್ನು ಏರ್ಪಡಿಸಿದನು. ಪುಸ್ತಕ ಕಾಯುವವರಿಗೂ ಜೀವನೋಪಾಯವನ್ನು ಕಲ್ಲಿನಲ್ಲಿ ಕಂಡರಿಸಿದ ಆ ಔದಾರ್ಯವು ನನಗೆ ಇಡೀ ಶಾಸನದ ಹೃದಯವೆಂದು ತೋರುತ್ತದೆ.

ಇಂತಹ ಸ್ಥಳಕ್ಕೆ ವಿದ್ವಾಂಸರ ಕ್ಯಾಮೆರಾ ತಡವಾಗಿ ಬಂದುದು ರಾಜಕೀಯ ಸೀಮಾರೇಖೆಗಳ ಫಲ. ಮುಂಬಯಿ ಸರಕಾರವು 1855ರಲ್ಲಿ ನಿಯಮಿಸಿದ ಛಾಯಾಗ್ರಾಹಕ ಬಿಗ್ಸ್ ಬಾದಾಮಿ, ಐಹೊಳೆ, ವಿಜಾಪುರಗಳ ವಾಸ್ತುವನ್ನು ಚಿತ್ರಿಸಿದನು. 1866ರಲ್ಲಿ ಲಂಡನ್ನಿನಿಂದ ಹೊರಟ ಛಾಯಾಚಿತ್ರಗಳ ಬೃಹತ್ಸಂಪುಟವೂ ಧಾರವಾಡ ಮತ್ತು ಮೈಸೂರು ಸೀಮೆಗಳದು. ನಿಜಾಮರ ಆಳ್ವಿಕೆಯ ಚಿತ್ತಾಪುರ, ಸೇಡಂ, ಚಿಂಚೋಳಿಗಳು ಆ ಪರಿಧಿಯ ಹೊರಗುಳಿದವು. ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ 1874ರಲ್ಲಿಯೇ ರೈಲು ಓಡತೊಡಗಿದ್ದರೂ, ವ್ಯವಸ್ಥಿತ ಪುರಾತತ್ತ್ವಕಾರ್ಯಕ್ಕೆ 1914ರಲ್ಲಿ ಗುಲಾಮ್ ಯಜ್ದಾನಿಯವರ ನೇತೃತ್ವದಲ್ಲಿ ಹೈದರಾಬಾದಿನ ಇಲಾಖೆ ಸ್ಥಾಪಿತವಾಗಬೇಕಾಯಿತು. ಆ ಇಲಾಖೆಯೇ 1928ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರು ಸಂಪಾದಿಸಿದ ನಾಗಾವಿಯ ಶಾಸನಗಳನ್ನು ತನ್ನ ಗ್ರಂಥಮಾಲೆಯ 8ನೆಯ ಸಂಪುಟವಾಗಿ ಬೆಳಕಿಗೆ ತಂದಿತು.

ತೋಯಿಸಿದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ಬಡಿದು, ಮಸಿ ಲೇಪಿಸಿ ತೆಗೆಯುವ ಪಡಿಯಚ್ಚನ್ನು ಮುದ್ರಣಕ್ಕಾಗಿ ಛಾಯಾಚಿತ್ರಿಸುವುದು ಶಾಸನತಜ್ಞರ ಪದ್ಧತಿ. ಆ ಕ್ಯಾಮೆರಾದ ಮುಖ್ಯ ಸೇವೆ ಅಕ್ಷರಕ್ಕೆ, ಅದಾದಮೇಲೆ ಕಟ್ಟಡಕ್ಕೆ. ನಾಗಾವಿಯ ಅರವತ್ತು ಕಂಬದ ಗುಡಿಯ ಚಿತ್ರವೊಂದನ್ನು ಎದುರಿಗಿಟ್ಟು ನೋಡಿದರೆ ಸ್ತಂಭಗಳ ಸಾಲು, ಅವುಗಳ ನಡುವಣ ಅವಕಾಶ, ಬೆಳಕು ಒಳಸೇರುವ ಬಗೆ ಇವೆಲ್ಲ ಶಾಸನವು ಹೇಳದ ಸಂಗತಿಗಳೆಂದು ತಿಳಿಯುತ್ತದೆ. ಹಾಗೆಂದು ಆ ಮಂಟಪದಲ್ಲಿಯೇ ಪಾಠ ನಡೆಯುತ್ತಿತ್ತೆಂದು ಚಿತ್ರಮಾತ್ರದಿಂದ ನಿರ್ಣಯಿಸುವುದು ಸಾಧುವಲ್ಲ. ಲಿಪಿ ಮತ್ತು ವಾಸ್ತು ಎರಡೂ ಪರಸ್ಪರ ಸಾಕ್ಷಿ ನುಡಿದಾಗಲೇ ಅಂತಹ ಮಾತಿಗೆ ಬಲ ಬಂದೀತು.

ಮನುಷ್ಯರ ವಿಷಯದಲ್ಲಿ ಈ ಪರಂಪರೆ ಕೃಪಣವಾಗಿದೆಯೆಂದು ನೋವಿನಿಂದಲೇ ಹೇಳಬೇಕು. ಪುರಾತತ್ತ್ವದ ಹಳೆಯ ಚಿತ್ರಗಳಲ್ಲಿ ಕಂಬದ ಎತ್ತರ ತಿಳಿಯಲೆಂದು ನಿಲ್ಲಿಸಲ್ಪಟ್ಟ ಗ್ರಾಮಸ್ಥನಿಗೆ ಪ್ರಾಯಶಃ ಹೆಸರಿರುವುದಿಲ್ಲ. ಆ ಕೊರತೆಯನ್ನು ತುಂಬಬಲ್ಲವು ಮನೆಗಳ ಪಡಸಾಲೆಯಲ್ಲಿ ಕಟ್ಟು ಹಾಕಿಸಿ ತೂಗುಬಿಟ್ಟ ಮದುವೆಯ ಚಿತ್ರಗಳು, ಶಾಲೆಯ ಗುಂಪುಚಿತ್ರಗಳು, ವಾಡಿ ಮತ್ತು ಶಹಾಬಾದಿನ ಕಾರ್ಮಿಕರ ಭಾವಚಿತ್ರಗಳು. ಕೂತವರ ಕಾಲಡಿಯ ಶಹಾಬಾದಿನ ಫರಸಿ ಕಲ್ಲು, ತೊಟ್ಟ ಶೇರವಾನಿ, ಸುತ್ತಿದ ರುಮಾಲು, ಹಿಂಬದಿಯಲ್ಲಿ ಉರ್ದುವಿನಲ್ಲಿಯೋ ಕನ್ನಡದಲ್ಲಿಯೋ ಬರೆದ ತಾರೀಖು ಇವು ಕಾಲನಿರ್ಣಯಕ್ಕೆ ಒದಗುವ ಆಧಾರಗಳು. ಆದುದರಿಂದ ನಾಗಾವಿಯ ಚಿತ್ರಕೋಶವನ್ನು ರಚಿಸುವವರು ಗುಡಿಯ ಚಿತ್ರಗಳೊಡನೆ ಇವುಗಳ ಪ್ರತಿಗಳನ್ನೂ ಸಂಗ್ರಹಿಸಿ, ಮನೆಯ ಹಿರಿಯರು ಗುರುತು ಹೇಳಬಲ್ಲ ಕಾಲದಲ್ಲಿಯೇ, ಅವರ ಅನುಮತಿ ಪಡೆದು, ಒಬ್ಬೊಬ್ಬರ ಹೆಸರನ್ನೂ ಎಡದಿಂದ ಬಲಕ್ಕೆ ಬರೆದಿಡತಕ್ಕದ್ದು.