ಬಿಡಿಭಾಗಗಳ ಚರಿತ್ರೆ

ಗಡಿನಾಡಿನ ಚರಿತ್ರೆಯೆಂದರೆ ನಾವು ಆಯೋಗ, ವರದಿಗಳನ್ನೇ ನೆನೆಯುತ್ತೇವೆ. ಹಳೆಯ ಯಂತ್ರಗಳ ಬಿಡಿಭಾಗಕ್ಕೂ ಒಂದು ಚರಿತ್ರೆಯಿದೆಯೆಂದು ನನಗನ್ನಿಸುತ್ತದೆ.

ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗ ಹೂಡಿದ್ದು 1904ರಲ್ಲಿ. ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಬೆಂಬಲ ಅದಕ್ಕಿತ್ತು. ಮುಂದೆ ಕೊಲ್ಲಾಪುರ ಎಣ್ಣೆ ಎಂಜಿನ್ನಿಗೂ ಎರಕದ ಕೆಲಸಕ್ಕೂ ಹೆಸರಾಯಿತು.

ಮಗ್ಗ ಹಳತಾಗಿ, ಅದನ್ನು ಮಾಡಿದ ಕಂಪನಿಯೇ ಮುಚ್ಚಿದರೆ ಹಲ್ಲು ಮುರಿದ ಗಾಲಿಗೆ ಬದಲಿ ಎಲ್ಲಿಂದ ಬರಬೇಕು? ಆ ಗಾಲಿಯನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದರೆ ಹೊಸದು ಚಿಕ್ಕದಾಗುತ್ತದೆ. ಬೀಡು ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. ಅದಕ್ಕೇ ಮಿಸ್ತ್ರಿ ಉಳಿದ ಹಲ್ಲುಗಳನ್ನು ಅಳೆದು, ತುಸು ದೊಡ್ಡದಾಗಿ ಮರದ ಪ್ಯಾಟರ್ನ್ ಕೆತ್ತುತ್ತಾನೆ. ಲೇತಿನಲ್ಲಿ ಕಡೆಯುವಲ್ಲಿ ಇನ್ನಷ್ಟು ಮೈ ಬಿಡುತ್ತಾನೆ. ಆ ಪ್ಯಾಟರ್ನ್ ಉಳಿದರೆ ಮಗ್ಗ ಉಳಿಯಿತು, ಇಲ್ಲವಾದರೆ ಗುಜರಿ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದೇ ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು. ಪಕ್ಕದ ಗಡಹಿಂಗ್ಲಜ ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಅಲ್ಲಿಯೂ ನಮ್ಮಂತೆ ಮನೆಯಲ್ಲಿ ಕನ್ನಡವಾಡುವ ಕುಟುಂಬಗಳಿವೆ. ನುಡಿಯೂ ಎರಕದಂತೆಯೇ: ಸವೆದದ್ದರಿಂದ ನಕಲು ತೆಗೆದಷ್ಟೂ ಕುಗ್ಗುತ್ತದೆ. ಮಕ್ಕಳಿಗೆ ಕನ್ನಡ ಕೊಡುವಾಗ ನಮಗೆ ಸಿಕ್ಕಿದ್ದಕ್ಕಿಂತ ತುಸು ಹೆಚ್ಚೇ ಕೊಡಬೇಕು.